ಗದ್ದಲದ ಮನೆ

ಕೆರೆಯಂಚಿನ ಹೊಂಗೆಮರದಲ್ಲಿ ಹರಟೆಮಲ್ಲ ಹಕ್ಕಿಗಳ ಸಂಸಾರವೊಂದಿತ್ತು. ಹುಳ ಸಿಕ್ಕರೂ ಜಗಳ, ಸಿಗದಿದ್ದರೂ ಜಗಳ. ಎಲ್ಲರಿಗಿಂತ ಕಿರಿಯವಳಾದ ಕಂಚಿ ಒಂದು ದಿನ ಅಕ್ಕನ ಬಾಯಿಗೆ ಬೇಸತ್ತು, "ಈ ಮನೆಯಲ್ಲಿ ನೆಮ್ಮದಿಯೆಂಬುದೇ ಇಲ್ಲ" ಎಂದು ಕೆರೆಯಾಚೆಗೆ ಹಾರಿಹೋದಳು.

ಅಲ್ಲಿ ಒಣಕೊಂಬೆಯ ಮೇಲೆ ಮಿಂಚುಳ್ಳಿ ಒಬ್ಬನೇ ಕೂತಿದ್ದ. "ಬಾ, ಕೂತುಕೋ. ನಾನು ಯಾರ ಗೋಜಿಗೂ ಹೋಗುವವನಲ್ಲ, ನನ್ನ ಗೋಜಿಗೂ ಯಾರೂ ಬರುವುದಿಲ್ಲ. ಸುಖವೆಂದರೆ ಇದೇ" ಎಂದ. ಆ ಮೌನ ಕಂಚಿಗೆ ಬಹಳ ಹಿತವಾಯಿತು.

ಅಷ್ಟರಲ್ಲಿ ಮೇಲಿನಿಂದ ಗಿಡುಗವೊಂದು ಎರಗಿತು. ಮಿಂಚುಳ್ಳಿ ಸದ್ದಿಲ್ಲದೆ ಹಾರಿ ಜೊಂಡಿನಲ್ಲಿ ಅಡಗಿದ. ಕಂಚಿ ಮುಳ್ಳುಪೊದೆಯೊಳಗೆ ನುಗ್ಗುವಷ್ಟರಲ್ಲಿ ಗಿಡುಗ ಅವಳ ಬಾಲವನ್ನು ಹಿಡಿದೇಬಿಟ್ಟಿತು. ಜೀವ ಬಾಯಿಗೆ ಬಂದು ಅವಳು "ಅಕ್ಕಾ!" ಎಂದು ಕಿರುಚಿದಳು.

ಆಚೆ ದಡದ ಹೊಂಗೆಮರವೇ ಎದ್ದುಬಂದಂತಾಯಿತು. ಮುಂದೆ ಅಕ್ಕ, ಹಿಂದೆ ಅಣ್ಣಂದಿರು, ಚಿಕ್ಕಮ್ಮ, ಮುದಿ ಅಜ್ಜಿ. ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡದವರೂ ರೆಕ್ಕೆಗೆ ರೆಕ್ಕೆ ತಾಗಿಸಿಕೊಂಡು ಬಂದರು.

"ನಮ್ಮ ಹುಡುಗಿಯನ್ನು ಮುಟ್ಟುತ್ತೀಯಾ?" ಎಂದು ಅಕ್ಕ ಗಿಡುಗದ ನೆತ್ತಿಗೇ ಕುಕ್ಕಿದಳು. ಉಳಿದವರು ಅರಚುತ್ತ ಸುತ್ತ ಮುತ್ತಿದರು. ಗಿಡುಗ ಕಂಚಿಯನ್ನು ಬಿಟ್ಟು, ಗರಿ ಉದುರಿಸಿಕೊಂಡು, ಬದುಕಿದೆಯಾ ಬಡಜೀವವೇ ಎಂದು ಗುಡ್ಡದತ್ತ ಪರಾರಿಯಾಯಿತು.

ಜೊಂಡಿನಿಂದ ಇಣುಕಿದ ಮಿಂಚುಳ್ಳಿ, "ಅಬ್ಬಾ, ಎಂಥ ಗದ್ದಲವಮ್ಮಾ!" ಎಂದ.

ಬಾಲದ ಗರಿ ಕಳೆದುಕೊಂಡ ಕಂಚಿ ಅಕ್ಕನ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತು, "ಹೌದು, ನಮ್ಮ ಮನೆಯವರದು!" ಎಂದಳು.