ಹುಲ್ಲಿನ ಮೇಲಿನ ಗೆರೆ

“ಗುರುಗಳೇ, ಇವುಗಳಲ್ಲಿ ಯಾವುದು ಒಳ್ಳೆಯದು?” ಎಂದು ಕೊಟ್ರಯ್ಯ ಕೇಳಿದ.

ಅವನು ಮಠಕ್ಕೆ ಬಂದ ಹೊಸ ಶಿಷ್ಯ. ಮಠದ ಮುಂದಿನ ಹುಲ್ಲುಹಾಸನ್ನು ಕತ್ತರಿಸಲು ಹೊಸ ಯಂತ್ರ ಆರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಕೈಯಿಂದ ತಳ್ಳಿದ್ದು ಸಾಕು, ಇನ್ನು ಮೋಟಾರಿನ ಬಲದಲ್ಲಿ ತಾನೇ ಮುಂದಕ್ಕೆ ಸಾಗುವುದೇ ಬೇಕು ಎಂದು ತೀರ್ಮಾನಿಸಿ, ಹದಿನೈದು ದಿನದಿಂದ ಅದರ ಬೆನ್ನು ಹತ್ತಿದ್ದ. ಅಲಗಿನ ಅಗಲ, ಚಕ್ರದ ಎತ್ತರ, ಪೆಟ್ರೋಲೋ ಬ್ಯಾಟರಿಯೋ, ಎಳೆಯುವುದು ಹಿಂದಿನ ಚಕ್ರವೋ ಮುಂದಿನದೋ, ಎಲ್ಲವನ್ನೂ ಒಂದು ಹಾಳೆಯ ಮೇಲೆ ಹನ್ನೊಂದು ಸಾಲಾಗಿ ಬರೆದು ತಂದಿದ್ದ.

ಗುರುಗಳು ಹಾಳೆಯನ್ನು ದೂರ ಹಿಡಿದು ಓದಿದರು. “ಮಗಳಿಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ,” ಎಂದರು.

“ಕೆಂಚಜ್ಜನಿಗೆ ಎಂಬತ್ತು ಹತ್ತಿರ ಬಂತು, ಗುರುಗಳೇ. ಆ ಹಳೆಯದನ್ನು ತಳ್ಳುತ್ತ ಏದುಸಿರು ಬಿಡುವುದನ್ನು ನೋಡಲಾಗುವುದಿಲ್ಲ. ಹೊಸದು ಬಂದರೆ ನಾನೇ ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ. ಅಜ್ಜ ಆರಾಮವಾಗಿ ಕೂತಿರಲಿ.”

ಗುರುಗಳು ಕಿಟಕಿಯ ಹೊರಗೆ ನೋಡಿದರು. ಮಠದ ತೋಟ ನೋಡಿಕೊಳ್ಳುವ ಕೆಂಚಜ್ಜ ಹಳೆಯ ಯಂತ್ರದ ಹಿಡಿಯ ಮೇಲೆ ಎರಡೂ ಕೈ ಊರಿ ನಿಂತಿದ್ದ. ಸ್ವಲ್ಪ ಹೊತ್ತು ನಿಂತು ಮತ್ತೆ ನಡೆದ.

“ಕೂತುಕೋ,” ಎಂದರು ಗುರುಗಳು. “ನಿನ್ನ ಮಿಷನ್ನಿಗೆ ಸಂಬಂಧಪಟ್ಟದ್ದೇ ಒಂದು ಸಂಗತಿ ಇದೆ, ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಒಬ್ಬ ಮೋಜಣಿದಾರ ಇದ್ದ. ಮೂವತ್ತೈದು ವರ್ಷ ಊರೂರು ತಿರುಗಿ ಜನರ ಹೊಲ ಅಳೆದವನು. ಅಳೆದು ನೋಡದಿದ್ದರೆ ಅವನಿಗೆ ಯಾವುದರಲ್ಲೂ ಸಮಾಧಾನವಿಲ್ಲ. ನಿವೃತ್ತಿಯಾದ ಮೇಲೆ ಊರಾಚೆಯ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಮನೆಯ ಮುಂದೆ ಹುಲ್ಲು ಬೆಳೆಸಿದ. ತಾನು ಬೆಳೆಸಿದ್ದು ಎಂದು ಅವನು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ನೀರು ಹಾಕಿದವಳು, ಕಳೆ ಕಿತ್ತವಳು, ವಾರಕ್ಕೊಮ್ಮೆ ಕೈಯಂತ್ರ ತಳ್ಳಿ ಕತ್ತರಿಸಿದವಳು ಅವನ ಹೆಂಡತಿ.

ಹೀಗಿರುವಾಗ ಆಕೆಗೆ ಲಕ್ವ ಹೊಡೆಯಿತು. ಪುಣ್ಯಕ್ಕೆ ಜೀವ ಉಳಿಯಿತು. ಎಡಗೈಯ ಬಲ ಹೋಯಿತು, ಎಡಗಾಲು ನೆಲಕ್ಕೆ ಎಳೆಯತೊಡಗಿತು. ನಡೆಯಬೇಕು, ನಡೆದಷ್ಟೂ ಒಳ್ಳೆಯದು ಎಂದರು ಡಾಕ್ಟರು. ಗಂಡ ಒಂದು ಊರುಗೋಲು ತಂದುಕೊಟ್ಟ. ಆಕೆ ಅದನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ಅದು ಅಲ್ಲಿಯೇ ನಿಂತಿತು.

ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಆಕೆ ಮೆಲ್ಲಗೆ ಮೆಟ್ಟಿಲಿಳಿದು ಕೈಯಂತ್ರದ ಹಿಡಿ ಹಿಡಿದಳು. ಎರಡು ಸಾಲು ಕತ್ತರಿಸಿದಳು, ಅಷ್ಟೇ. ಮರುದಿನ ಮತ್ತೆರಡು. ಮುಂಚೆ ಒಂದು ಬೆಳಗ್ಗೆಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ವಾರವೆಲ್ಲ ಬೇಕಾಯಿತು. ಕೊನೆಯ ಸಾಲು ಮುಗಿಯುವ ಹೊತ್ತಿಗೆ ಮೊದಲ ಸಾಲು ಮತ್ತೆ ಬೆಳೆದಿರುತ್ತಿತ್ತು. ಆಕೆಗೇನೂ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಮೋಜಣಿದಾರ ಜಗಲಿಯ ಮೇಲೆ ಕೂತು ನೋಡುತ್ತಿದ್ದ. ಚಕ್ರಗಳು ಹೋದಲ್ಲಿ ಎರಡು ಗುರುತು. ಅವುಗಳ ನಡುವೆ ಇನ್ನೊಂದು ಗೆರೆ, ಆಕೆಯ ಎಡಗಾಲು ಎಳೆದದ್ದು. ಆ ಗೆರೆಯ ಉದ್ದಕ್ಕೂ ಹುಲ್ಲು ಮಲಗಿತ್ತು. ಅಳತೆಯವನ ಕಣ್ಣಿಗೆ ಆ ಸೊಟ್ಟ ಗೆರೆ ಚುಚ್ಚುತ್ತಿತ್ತು. ಆಕೆಯ ಏದುಸಿರು ಅದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಇದನ್ನು ನೀನು ಮರೆಯಬೇಡ, ಕೊಟ್ರಯ್ಯ. ಅವನು ಕೆಟ್ಟವನಲ್ಲ. ಹೆಂಡತಿ ಎಂದರೆ ಅವನಿಗೆ ಪ್ರಾಣ.

ಹೊಸ ಯಂತ್ರ ತರುವುದೇ ಸರಿ ಎಂದು ಅವನು ನಿಶ್ಚಯಿಸಿದ. ತಳ್ಳುವ ಗೋಜೇ ಬೇಡ, ತಾನೇ ಸಾಗುವುದು. ಹುಲ್ಲುಹಾಸಿನ ಉದ್ದ ಅಗಲ ಅಳೆದ. ಇಳಿಜಾರು ಅಳೆದ. ಗೇಟಿನ ಅಗಲ ಅಳೆದ. ಸ್ಕೇಲು ಇಟ್ಟು ಹುಲ್ಲಿನ ಎತ್ತರವನ್ನೂ ನೋಡಿದ. ನಿನ್ನ ಹಾಗೆಯೇ ಅವನದೂ ಒಂದು ಹಾಳೆ. ಅಂಗಡಿಗೆ ಹೋಗಿ, ತಾನೇ ಹಿಡಿ ಹಿಡಿದು, ತಾನೇ ನಾಲ್ಕು ಹೆಜ್ಜೆ ನಡೆದು, ಇರುವುದರಲ್ಲಿ ದೊಡ್ಡದನ್ನು ಆರಿಸಿ ತಂದ. ಹಳೆಯದನ್ನು ಅದೇ ದಿನ ಗುಜರಿಯವನು ಹೊತ್ತುಕೊಂಡು ಹೋದ.

ಹೆಂಡತಿ ಹೊಸದರ ಹಿಡಿ ಹಿಡಿದಳು. ಅದು ಹೊರಟಿತು. ಎಷ್ಟು ನಿಧಾನಕ್ಕೆ ಇಟ್ಟರೂ ಅದರ ನಡಿಗೆ ಆಕೆಯ ನಡಿಗೆಗಿಂತ ಬಿರುಸು. ಆರನೆಯ ಹೆಜ್ಜೆಗೆ ಕೈ ಜಾರಿತು. ಹಿಡಿ ಬಿಟ್ಟ ಕೂಡಲೇ ಯಂತ್ರ ನಿಂತಿತು. ಒಳ್ಳೆಯ ಯಂತ್ರವೇ, ಅದರ ತಪ್ಪೇನೂ ಇಲ್ಲ. ಆಕೆ ಹುಲ್ಲಿನ ಮೇಲೆ ಕುಸಿದು ಕೂತಳು.

ಅವನು ಓಡಿ ಬಂದು ಎಬ್ಬಿಸಿದ. “ಇನ್ನು ನೀನು ಆರಾಮವಾಗಿ ಕೂತಿರು, ಇದನ್ನು ನಾನು ನೋಡಿಕೊಳ್ಳುತ್ತೇನೆ,” ಎಂದ. ಅಕ್ಕರೆಯಿಂದಲೇ ಹೇಳಿದ. ಆಕೆ ಹೂಂ ಎಂದು ಒಳಗೆ ಹೋದಳು.

ಎರಡು ತಿಂಗಳು ಕಳೆಯಿತು. ವಾರಕ್ಕೊಮ್ಮೆ ಅವನು ಇಪ್ಪತ್ತು ನಿಮಿಷದಲ್ಲಿ ಹುಲ್ಲು ಕತ್ತರಿಸಿ ಮುಗಿಸುತ್ತಿದ್ದ. ಆಕೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಮೊದಲು ಮೆಟ್ಟಿಲಿಳಿಯುವುದು ನಿಂತಿತು. ಆಮೇಲೆ ಅಡುಗೆಮನೆಗೆ ಹೋಗುವುದು ನಿಂತಿತು. ಕೊನೆಗೆ ಬಚ್ಚಲಿಗೂ ಅವನೇ ಕೈಹಿಡಿದು ಕರೆದೊಯ್ಯಬೇಕಾಯಿತು. ಕಾಯಿಲೆ ಹೆಚ್ಚುತ್ತಿದೆ ಎಂದುಕೊಂಡ. ಕುರ್ಚಿಗೆ ಮೆತ್ತನೆಯ ದಿಂಬು ತಂದ. ಎಂಥ ಬುದ್ಧಿವಂತ ನೋಡು, ಕೂತವಳನ್ನು ಇನ್ನಷ್ಟು ಚೆನ್ನಾಗಿ ಕೂರಿಸಿದ.

ಒಂದು ದಿನ ಕೆಲಸ ಮುಗಿಸಿ ಗೇಟಿನ ಬಳಿ ನಿಂತು ಹಿಂತಿರುಗಿ ನೋಡಿದ. ಹುಲ್ಲು ಒಂದೇ ಸಮನಾಗಿತ್ತು. ಎಲ್ಲಿಯೂ ಒಂದು ಕೊಂಕಿಲ್ಲ. ಅವನ ಕಣ್ಣು ಅಭ್ಯಾಸಬಲದಿಂದ ಆ ಗೆರೆಯನ್ನು ಹುಡುಕಿತು. ಗೆರೆ ಇರಲಿಲ್ಲ.

ಅವನು ಮೋಜಣಿದಾರ ಅಂದೆನಲ್ಲ. ಹಳೆಯ ನಕ್ಷೆಯಲ್ಲಿ ಕಾಲುದಾರಿ ಇರುತ್ತದೆ, ಹೊಲಕ್ಕೆ ಹೋಗಿ ನೋಡಿದರೆ ಬರೀ ಹುಲ್ಲು. ಅಂಥದ್ದನ್ನು ಅವನು ಎಷ್ಟೋ ಸಲ ಕಂಡಿದ್ದ. ಇಲ್ಲಿ ಈಗ ಯಾರೂ ನಡೆಯುತ್ತಿಲ್ಲ ಎಂದು ಬರೆದುಕೊಂಡು ಮುಂದಿನ ಹೊಲಕ್ಕೆ ಹೋಗುತ್ತಿದ್ದ. ಅದೇ ಈಗ ತನ್ನ ಮನೆಯ ಮುಂದೆ ಕಂಡಿತು. ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟ. ಅರವತ್ತು ದಾಟಿದ ಗಂಡಸು, ಬೀದಿಯವರೆಲ್ಲ ನೋಡುವ ಹಾಗೆ. ಅಳಲಿ ಬಿಡು, ಅದರಲ್ಲಿ ನಾಚಿಕೆ ಏನಿದೆ.

ಒಳಗೆ ಹೋಗಿ ಹೆಂಡತಿಯ ಕಾಲ ಬಳಿ ಕೂತ. “ಅಷ್ಟು ಕಷ್ಟಪಟ್ಟು ಯಾಕೆ ಹುಲ್ಲು ಕತ್ತರಿಸುತ್ತಿದ್ದೆ?” ಎಂದು ಕೇಳಿದ. ಎರಡು ತಿಂಗಳ ಹಿಂದೆಯೇ ಕೇಳಬೇಕಿತ್ತು.

“ಹುಲ್ಲು ಯಾರಿಗೆ ಬೇಕಿತ್ತು? ನಾನು ಆ ಮಿಷನ್ ಹಿಡಕೊಂಡು ನಡೀತಿದ್ದೆ,” ಎಂದಳು ಆಕೆ. “ಕೋಲು ಹಿಡಿದು ಹೊರಗೆ ಹೋದರೆ ಜನ ಅಯ್ಯೋ ಪಾಪ ಅಂತಾರೆ. ಮಿಷನ್ ಹಿಡಿದರೆ ಕೆಲಸ ಮಾಡ್ತಿದ್ದಾಳೆ ಅಂತಾರೆ.”

“ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?”

“ನೀವು ಅಷ್ಟು ಪ್ರೀತಿಯಿಂದ ತಂದಿದ್ರಿ. ಹೇಗೆ ಹೇಳಲಿ?”

ಹಳೆಯದು ಗುಜರಿ ಸೇರಿಯಾಗಿತ್ತು. ಇದ್ದಿದ್ದರೂ ಅದನ್ನು ತಳ್ಳುವ ಶಕ್ತಿ ಈಗ ಆಕೆಯಲ್ಲಿ ಉಳಿದಿರಲಿಲ್ಲ. ಮತ್ತೆ ತಾನೇ ಸಾಗುವುದನ್ನೇ ಆರಿಸಬೇಕು. ಆಕೆ ಇನ್ನು ನಡೆಯುತ್ತಾಳೋ, ಕುರ್ಚಿಯಲ್ಲೇ ಉಳಿಯುತ್ತಾಳೋ ಎಂಬುದು ಆ ಆಯ್ಕೆಯ ಮೇಲೆ ನಿಂತಿತ್ತು.

ಈ ಸಲ ಅವನು ಹುಲ್ಲು ಅಳೆಯಲಿಲ್ಲ. ಹೆಂಡತಿಯನ್ನು ಹಜಾರದಲ್ಲಿ ಗೋಡೆ ಹಿಡಿಸಿ ನಡೆಸಿದ. ಹೆಜ್ಜೆಗೂ ಹೆಜ್ಜೆಗೂ ನಡುವೆ ಟೇಪು ಹಿಡಿದ. ಒಂದು ಹೆಜ್ಜೆ ಒಂದು ಗೇಣು. ಇನ್ನೊಂದು ಗೇಣಿಗೂ ಕಡಿಮೆ. “ಇದೇನು, ನನ್ನದೂ ನಕ್ಷೆ ಬರೆಯುತ್ತೀರಾ?” ಎಂದು ಆಕೆ ನಕ್ಕಳು. ಎರಡು ತಿಂಗಳಲ್ಲಿ ಅವನು ಕಂಡ ಮೊದಲ ನಗು ಅದು.

ಮರುದಿನ ಅಂಗಡಿಗೆ ಹೋಗೋಣ ಎಂದ. ಜನ ನೋಡುತ್ತಾರೆ, ನಾನು ಬರುವುದಿಲ್ಲ ಎಂದಳು. “ನೋಡಲಿ. ಅವರ ಜೊತೆ ನಾನೂ ನೋಡುತ್ತೇನೆ,” ಎಂದು ಆಟೋ ಕರೆಸಿದ.

ಅಂಗಡಿಯ ಹಿಂದಿನ ಅಂಗಳದಲ್ಲಿ ಆಕೆ ಒಂದೊಂದನ್ನೇ ಹಿಡಿದು ನೋಡಿದಳು. ಒಂದು ಆಕೆಯನ್ನೇ ಎಳೆದುಕೊಂಡು ಹೊರಟಿತು. ಇನ್ನೊಂದರ ಹಿಡಿಯನ್ನು ಎಡಗೈಯ ಬೆರಳುಗಳಿಂದ ಅದುಮಲು ಆಗಲಿಲ್ಲ. ಮೂರನೆಯದು ಸಣ್ಣದು. ಅಂಗೈ ಇಟ್ಟು ಒತ್ತಿದಷ್ಟೇ ಅದು ಸಾಗುತ್ತಿತ್ತು. ಮೆಲ್ಲಗೆ ಒತ್ತಿದರೆ ಮೆಲ್ಲಗೆ ಹೋಗುತ್ತಿತ್ತು, ಒತ್ತುವುದನ್ನು ಬಿಟ್ಟರೆ ನಿಲ್ಲುತ್ತಿತ್ತು. ಆಕೆ ಒಂದು ಹೆಜ್ಜೆ ಇಟ್ಟಳು, ಅದೂ ಅಷ್ಟೇ ಹೋಯಿತು. ಆಕೆ ಉಸಿರು ತೆಗೆದುಕೊಳ್ಳಲು ನಿಂತಳು, ಅದೂ ನಿಂತಿತು. ಗಂಡ ಕೈ ಚಾಚಿಕೊಂಡು ಪಕ್ಕದಲ್ಲೇ ನಡೆದ, ಆದರೆ ಮುಟ್ಟಲಿಲ್ಲ. ಹಾಗೆಯೇ ಎದುರು ಗೋಡೆಯವರೆಗೆ ಹೋದಳು.

ಅಂಗಡಿಯವನು ಪ್ರಾಮಾಣಿಕ ಮನುಷ್ಯ. “ಯಜಮಾನರೇ, ಇದು ಪುಟ್ಟ ಅಲಗಿನದು, ಬಲು ನಿಧಾನ. ಅಮ್ಮನ ನಡಿಗೆಯಲ್ಲಿ, ಬಿಡುವಿಲ್ಲದೆ ಕತ್ತರಿಸಿದರೂ ನಿಮ್ಮ ಹುಲ್ಲಿಗೆ ಎರಡು ದಿನ ಬೇಕಾಗುತ್ತದೆ,” ಎಂದ.

“ಮೂರು ದಿನ ಹಿಡಿಯುವುದು ಇದೆಯೇ?” ಎಂದು ಮೋಜಣಿದಾರ ಕೇಳಿದ.

ಇರಲಿಲ್ಲ. ಅದನ್ನೇ ತಂದರು. ಮೊದಲ ದಿನ ಆಕೆ ಅರ್ಧ ಸಾಲು ನಡೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕು ಸಾಲು ನಡೆಯುತ್ತಿದ್ದಳು, ಒಲೆಯ ಮುಂದೆ ನಿಂತು ತನ್ನ ಕಾಫಿಯನ್ನು ತಾನೇ ಮಾಡಿಕೊಳ್ಳುತ್ತಿದ್ದಳು. ಹುಲ್ಲಿನ ಮೇಲೆ ಗೆರೆ ಮತ್ತೆ ಬಿತ್ತು. ಅಲ್ಲಿ ನಿಮ್ಮ ಹುಲ್ಲು ಕೆಟ್ಟಿದೆ, ಸರಿಮಾಡಿಸಿ ಎಂದು ಪಕ್ಕದ ಮನೆಯವರು ಹೇಳಿದರು. ಅದು ಸರಿಯಾಗಿಯೇ ಇದೆ ಎಂದ ಮೋಜಣಿದಾರ. ನೀರು ಬಿಡಲು ಹೋದಾಗ ಆ ಗೆರೆಯನ್ನು ತುಳಿಯದೆ ದಾಟುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಹಳೆಯ ಯಂತ್ರದ ಸದ್ದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿಸಿತು.

ಕೊಟ್ರಯ್ಯ ಜೇಬಿನಿಂದ ಪೆನ್ನು ತೆಗೆದ. “ಹಾಗಾದರೆ ನಾವೂ ಆ ಮೂರನೆಯ ಬಗೆಯದನ್ನೇ ತರೋಣವೇ, ಗುರುಗಳೇ?” ಎಂದ.

ಗುರುಗಳು ಹಾಳೆಯನ್ನು ಅವನ ಕೈಗೆ ಹಿಂದಿರುಗಿಸಿದರು.

“ಹನ್ನೊಂದು ಸಾಲು ಬರೆದಿದ್ದೀಯಲ್ಲ, ಇದರಲ್ಲಿ ಕೆಂಚಜ್ಜ ಎಷ್ಟನೆಯ ಸಾಲಿನಲ್ಲಿದ್ದಾನೆ?”