ಹೊಸ ಕೊಳದ ತಿಳಿನೀರು

"ಗುರುಗಳೇ, ನನ್ನ ಮನಸ್ಸು ಈಗ ತಿಳಿಯಾಗಿದೆ. ಹೊಸದಾಗಿ ಬಂದಿರುವ ಹನ್ನೆರಡು ಮಂದಿ ಶಿಷ್ಯರನ್ನು ನನಗೆ ಒಪ್ಪಿಸುವಿರಾ?" ಎಂದು ಹಿರಿಯ ಶಿಷ್ಯ ಕೇಳಿದ.

ಮೂರು ವರ್ಷ ಆತ ಆಶ್ರಮದ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದ. ಊಟದ ತಟ್ಟೆಯನ್ನೂ ಹೊಸ್ತಿಲ ಹೊರಗೇ ಇಡಿಸಿಕೊಳ್ಳುತ್ತಿದ್ದ. ಗುರುಗಳು ಕೈಯಲ್ಲಿದ್ದ ಪುಸ್ತಕ ಮಡಚಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಯಜಮಾನಿ ಇದ್ದಳು. ಆಕೆಯ ಹಿತ್ತಲಿನಲ್ಲಿ ಒಂದು ಹಳೆಯ ಬಾವಿ. ಬಾವಿಯಲ್ಲಿ ಹನ್ನೊಂದು ಮೀನು. ಅವು ಅತ್ತೆ ಸಾಕಿದ ಮೀನುಗಳು. ಅತ್ತೆ ಕೊನೆಗಾಲದಲ್ಲಿ ಒಡವೆಯ ಮಾತು ಎತ್ತಲಿಲ್ಲ, ಮನೆಯ ಮಾತು ಎತ್ತಲಿಲ್ಲ. "ಮೀನುಗಳನ್ನು ನೋಡಿಕೊಳ್ಳಮ್ಮ" ಎಂದಷ್ಟೇ ಹೇಳಿದ್ದರು. ಅಂದಿನಿಂದ ಯಜಮಾನಿ ದಿನಾ ಬೆಳಿಗ್ಗೆ ಬಾವಿಗೆ ಮಂಡಕ್ಕಿ ಚೆಲ್ಲುವಳು, ಮೇಲೆ ಬಂದ ಮೀನುಗಳನ್ನು ಎಣಿಸುವಳು, ಪುಸ್ತಕದಲ್ಲಿ 'ಹನ್ನೊಂದು' ಎಂದು ಬರೆಯುವಳು.

ಒಂದು ವರ್ಷ ಬಾವಿಯ ಕಲ್ಲುಗಳು ಸಡಿಲವಾದವು. ಮುಂದಿನ ಮಳೆಗಾಲದಲ್ಲಿ ಬಾವಿ ಕುಸಿಯುವುದು ಖಂಡಿತ ಎಂದು ನೋಡಿದವರೆಲ್ಲ ಹೇಳಿದರು.

"ಮೀನು ತಾನೇ, ಕೆರೆಗೆ ಬಿಟ್ಟರಾಯಿತು" ಎಂದ ಮಗ.

"ಕೆರೆಯಲ್ಲಿ ದಿನಾ ಬಲೆ ಬೀಳುತ್ತದೆ. ನಾನು ಕೊಳ ಕಟ್ಟಿಸುತ್ತೇನೆ" ಎಂದಳು ಯಜಮಾನಿ.

ಆಕೆಯ ಕೆಲಸದಲ್ಲಿ ಅಂದಾಜು ಎಂಬುದಿರಲಿಲ್ಲ. ಹಿತ್ತಲಿನಲ್ಲಿ ಗೂಟ ನೆಟ್ಟು, ಬಿಸಿಲು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ನಾಲ್ಕು ತಿಂಗಳು ಬರೆದಿಟ್ಟಳು. ಹುಣಸೆ ಎಲೆ ಉದುರುವ ಜಾಗವನ್ನು ಬಿಟ್ಟಳು. ಬೇಸಿಗೆಯಲ್ಲಿ ಮೀನು ತಂಪಿಗೆ ಇಳಿಯಲು ನಡುವೆ ಎದೆಮಟ್ಟದ ಆಳ, ತಾವರೆಯ ಕುಂಡ ಇಡಲು ಸುತ್ತ ಮೊಣಕಾಲುಮಟ್ಟದ ಆಳದಲ್ಲಿ ಕಟ್ಟೆ. ಕಾಗದದಲ್ಲಿ ಹೇಗೆ ಬರೆದಿದ್ದಳೋ ನೆಲದಲ್ಲೂ ಹಾಗೆಯೇ ಆಯಿತು.

ಗಾರೆಯ ಕೆಲಸ ಮುಗಿದ ದಿನ ಮೇಸ್ತ್ರಿ ಕೈ ತೊಳೆಯುತ್ತ ಹೇಳಿದ: "ಅಮ್ಮಾವ್ರೇ, ಇದು ಹಸಿ ಸುಣ್ಣ, ನೀರಿಗೆ ಖಾರ ಬಿಡುತ್ತೆ. ಮೂರು ಸಲ ನೀರು ತುಂಬಿ ಚೆಲ್ಲಿ. ಆಮೇಲೆ ಬಾಳೆದಿಂಡು ಕೊಚ್ಚಿ ಹಾಕಿ ಕೊಳೆಸಿ. ತಾನಾಗಿ ಕಪ್ಪೆ ಬಂದ ಮೇಲೆ ಮೀನು ಬಿಡಿ."

"ನಾಲ್ಕು ತಿಂಗಳು ಅಳೆದು ಕಟ್ಟಿಸಿದ ಕೊಳಕ್ಕೆ ಕಪ್ಪೆಯ ಅಪ್ಪಣೆ ಬೇಕೇನಪ್ಪ?" ಎಂದು ಯಜಮಾನಿ ನಕ್ಕಳು.

"ನೀವು ಅಳೆದದ್ದು ಕೊಳವನ್ನು ಅಮ್ಮಾವ್ರೇ, ನೀರನ್ನಲ್ಲ" ಎಂದು ಮೇಸ್ತ್ರಿ ಕರಣೆ ಎತ್ತಿಕೊಂಡು ಹೋದ.

ಯಜಮಾನಿ ಕೊಳವನ್ನು ಒಮ್ಮೆ ತೊಳೆಸಿ ನೀರು ತುಂಬಿಸಿದಳು. ತಳದಲ್ಲಿ ಸೂಜಿ ಬಿದ್ದರೂ ಕಾಣುವಷ್ಟು ತಿಳಿನೀರು. "ಏನು ನೀರು ರೀ! ಮುಖ ನೋಡ್ಕೋಬಹುದು" ಎಂದಳು ನೆರೆಮನೆಯಾಕೆ. ಅದೇ ಬೆಳಿಗ್ಗೆ ಹನ್ನೊಂದು ಮೀನನ್ನೂ ಬಾವಿಯಿಂದ ಬುಟ್ಟಿಯಲ್ಲಿ ಹಿಡಿದು ಕೊಳಕ್ಕೆ ಬಿಟ್ಟದ್ದಾಯಿತು.

ಸಂಜೆಗೆ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲಿದವು. ಉಳಿದವು ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು.

ಯಜಮಾನಿ ಯಾರನ್ನೂ ಕೂಗಲಿಲ್ಲ. ಸೀರೆ ಎತ್ತಿ ಕಟ್ಟಿ ಕೊಳಕ್ಕೆ ಇಳಿದಳು. ನೀರು ಕಾಲು ಉರಿಸಿತು. ಬದುಕಿದ್ದ ಏಳನ್ನು ಬಿಂದಿಗೆಯಲ್ಲಿ ಹಿಡಿದು ಬಾವಿಗೆ ಮರಳಿ ಬಿಟ್ಟಳು. ಪುಸ್ತಕ ತೆರೆದು, 'ಏಳು. ತಪ್ಪು ನನ್ನದು' ಎಂದು ಬರೆದಳು.

ಮಳೆಗೆ ಇನ್ನು ಎರಡು ತಿಂಗಳಿತ್ತು. ಮಾರನೆಯ ದಿನವೇ ಕೊಳ ಬರಿದು ಮಾಡಿಸಿದಳು. ಮೂರು ಸಲ ತುಂಬಿಸಿ ಮೂರು ಸಲ ಚೆಲ್ಲಿಸಿದಳು. ಮತ್ತೆ ನೀರು ತುಂಬಿಸಿ, ಬಾಳೆದಿಂಡನ್ನು ತಾನೇ ಕೂತು ಕೊಚ್ಚಿ ಹಾಕಿದಳು. ನೀರು ಕಪ್ಪಾಯಿತು, ನಾರಿತು. ಅದೇ ನೆರೆಮನೆಯಾಕೆ ಮೂಗಿಗೆ ಸೆರಗು ಹಿಡಿದು, "ಕೊಳ ಅಂದ್ರಿ, ಚರಂಡಿ ಕಟ್ಟಿಸಿದ್ದೀರಲ್ಲ!" ಎಂದಳು.

"ಹೌದು ಕಣಮ್ಮ, ನೋಡಿಕೊಂಡು ಹೋಗು, ಬಿದ್ದೀಯ" ಎಂದಳು ಯಜಮಾನಿ, ಕೊಚ್ಚುವುದನ್ನು ನಿಲ್ಲಿಸದೆ.

ದಿಂಡು ಕೊಳೆತು ಮುಗಿದ ಮೇಲೆ ಕೊಳ ತೊಳೆಸಿ ಹೊಸ ನೀರು ತುಂಬಿಸಿದಳು. ಕುಂಡಗಳಿಗೆ ಕೆರೆಯ ಜೇಡಿಮಣ್ಣು ಹಾಕಿ ತಾವರೆ ಗೆಡ್ಡೆ ನೆಟ್ಟಳು. ಎಲೆ ಬಂತು. ನೀರು ಹಸಿರಾಗಿ ತಳ ಕಾಣದಾಯಿತು. ಪುಸ್ತಕದಲ್ಲಿ ದಿನಕ್ಕೆ ಎರಡು ಸಾಲು: ಬಾವಿಯಲ್ಲಿ ಏಳು, ಕೊಳದಲ್ಲಿ ಕಪ್ಪೆ ಇಲ್ಲ.

ಮೋಡ ಕಟ್ಟತೊಡಗಿತು. ಬಾವಿಯ ಎರಡು ಕಲ್ಲು ಕಳಚಿ ಒಳಗೆ ಬಿದ್ದವು.

"ಅಮ್ಮ, ಗದ್ದೆಯಿಂದ ಒಂದು ಕಪ್ಪೆ ಹಿಡಿದು ತಂದುಬಿಡಲೇ?" ಎಂದ ಮಗ.

"ನೀನು ತಂದರೆ ಅದು ನಿನ್ನ ಬಲವಂತಕ್ಕೆ ಬಂದ ಹಾಗಾಯಿತು. ನೀರನ್ನು ಒಪ್ಪಿ ಬರಬೇಕು" ಎಂದಳು ಯಜಮಾನಿ.

ಕೊಳ ಬರಿದು ಮಾಡಿಸಿದಂದಿನಿಂದ ಐವತ್ತಮೂರನೆಯ ದಿನ ತಾವರೆ ಎಲೆಯ ಮೇಲೆ ಹೆಬ್ಬೆರಳಿನಷ್ಟು ಪುಟ್ಟ ಕಪ್ಪೆಯೊಂದು ಕೂತಿತ್ತು. ಆಕೆಯನ್ನು ಕಂಡು ನೀರಿಗೆ ಹಾರಿತು. ಓಡಿಹೋಗಲಿಲ್ಲ, ಕಣ್ಣೆರಡನ್ನು ಮೇಲೆ ತಂದು ಅಲ್ಲೇ ಉಳಿಯಿತು. ಆಗಲೂ ಯಜಮಾನಿ ಒಂದೇ ಮೀನನ್ನು ಬಿಟ್ಟಳು. ಮರುದಿನ ಅದು ಮಂಡಕ್ಕಿಗೆ ಮೇಲೆ ಬಂದ ಮೇಲೆ ಉಳಿದ ಆರನ್ನು ಬಿಟ್ಟಳು. ಮೂರನೆಯ ದಿನ ಮಳೆ ಹಿಡಿಯಿತು, ಬಾವಿ ಕುಸಿಯಿತು. ಯಜಮಾನಿ ಕೊಡೆ ಹಿಡಿದು ಕೊಳಕ್ಕೆ ಮಂಡಕ್ಕಿ ಚೆಲ್ಲಿದಳು, ಎಣಿಸಿದಳು, 'ಏಳು' ಎಂದು ಬರೆದಳು.

ಕತೆ ಮುಗಿಯಿತು. ಶಿಷ್ಯ ತಲೆದೂಗಿದ. "ಆಕೆ ಮೊದಲು ಅವಸರಪಟ್ಟಳು ಗುರುಗಳೇ. ನಾನು ಮೂರು ವರ್ಷ ಕಾದಿದ್ದೇನೆ. ನನ್ನ ಮನಸ್ಸಿನ ತಳ ನನಗೆ ಸ್ಪಷ್ಟವಾಗಿ ಕಾಣುತ್ತಿದೆ" ಎಂದ.

ಗುರುಗಳು ಮಹಡಿಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ ಕೇಳಿದರು: "ಮೂರು ವರ್ಷದಲ್ಲಿ ಅಲ್ಲಿಗೆ ತಾನಾಗಿ ಬಂದ ಕಪ್ಪೆ ಎಷ್ಟು?"