ತುಪ್ಪದ ತವರು

ಹಸುವಿನ ಹಾಲು, ಸೋಯಾ ಹಾಲು ಎರಡಕ್ಕೂ ಮೈಯೆಲ್ಲ ದದ್ದೇಳುತ್ತಿದ್ದ ಕೂಸಿಗೆ ಕೊನೆಗೆ ರಾಗಿ ಹಾಲು ಒಗ್ಗಿತು. ಅದನ್ನು ಕುಡಿಸುವ ಬೆಳ್ಳಿಯ ಒಳಲೆ ವಾರದಿಂದ ನೆಮ್ಮದಿಯಾಗಿತ್ತು.

ಒಂದು ಬೆಳಿಗ್ಗೆ ಅಜ್ಜಿ ಒಳಲೆಯೊಳಗೆ ಒಂದು ತೊಟ್ಟು ತುಪ್ಪ ಬಿಟ್ಟಳು. "ಡಾಕ್ಟರು ಹಾಲು ಬೇಡ ಅಂದರು, ತುಪ್ಪ ಬೇಡ ಅಂದರಾ? ಬರೀ ರಾಗಿ ಕುಡಿಯೋಕೆ ನನ್ನ ಮೊಮ್ಮಗು ದಿಕ್ಕಿಲ್ಲದ್ದಾ?"

"ತಾವು ಹಸುವಿನ ಮನೆಯವರಲ್ಲವೆ?" ಎಂದು ಒಳಲೆ ತುಪ್ಪವನ್ನು ಕೇಳಿತು.

"ಹುಟ್ಟಿದ್ದು ಅಲ್ಲೇ. ಕಡೆದು, ಕಾಯಿಸಿ, ಸೋಸಿದ ಮೇಲೆ ತವರಿನ ಗುಣ ನನಗೆಲ್ಲಿಯದು?" ಎಂದಿತು ತುಪ್ಪ. "ತಾವಿನ್ನು ಬಾಗಬಹುದು."

ಒಳಲೆಗೆ ಬಾಗುವುದೊಂದೇ ಗೊತ್ತು. ಬಾಗಿತು.

ಗಳಿಗೆಯಲ್ಲೇ ಕೂಸಿನ ತುಟಿ ಊದಿಕೊಂಡಿತು. "ರಾಗಿಯೂ ಒಗ್ಗಲಿಲ್ಲವಲ್ಲ" ಎಂದು ಅಜ್ಜಿ ಕಣ್ಣೊರೆಸಿಕೊಂಡು, ಇದ್ದ ರಾಗಿಯನ್ನೆಲ್ಲ ಹೊರಗೆ ಸುರಿದಳು. ಆಮೇಲೆ ತಂಪಾಗಲೆಂದು ಊದಿದ ತುಟಿಗೆ ತುಪ್ಪ ಸವರಿದಳು.